ಪಬ್ಜಿ ಥರ ಇಲ್ಲ ಬಿಡಣ್ಣ!

ಒಂದು ಮಾತು ಕೇಳ್ತೀನಿ, ಮುನಿಸ್ಕೋಬಾರ್ದು. ಹೊಸ ಫೈಟಿಂಗ್ ಗೇಮ್ ಒಂದನ್ನ ಫೋನಿಗೆ ಇಳಿಸ್ಕೊಂಡು, ಕಂಪನಿ ಹೆಸರು ಸ್ಕ್ರೀನ್ ಮೇಲೆ ಬಂದು ಹೋಗೋದ್ರೊಳಗೆ 'ಪಬ್ಜಿ ಥರ ಇಲ್ಲ ಬಿಡಣ್ಣ' ಅಂದಿದ್ದೀರಾ ಇಲ್ವಾ? (ಹಿಂದೆ ತಿರುಗಿ ನೋಡ್ಬೇಡಿ, ನಿಮ್ಮನ್ನೇ ಕೇಳ್ತಿರೋದು.) ಅಂದಿದ್ದೀರಿ. ಅಂದು, ಒಂದೇ ಒಂದು ಸ್ಟಾರ್ ಒತ್ತಿ, ಅನ್‌ಇನ್‌ಸ್ಟಾಲ್ ಮಾಡಿ, ಕರ್ತವ್ಯ ಮುಗಿಸಿದ ಗತ್ತಲ್ಲಿ ಟೀ ಹೀರಿದ್ದೀರಿ.

ಗೌರಿಬಿದನೂರಿನ ಪಕ್ಕ ನಮ್ಮ ಕುಡುಮಲಕುಂಟೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಬಿಡೋ ಹೊತ್ತಿಗೆ ಟೀ ಅಂಗಡಿ ಮುಂದೆ ಒಂದ್ಸಲ ನಿಂತು ನೋಡಿ. ಯೂನಿಫಾರಮ್ಮಿನ ಹುಡುಗ್ರು, ಅಡ್ಡ ಹಿಡಿದ ಫೋನು, ಪಕ್ಕದಲ್ಲಿ ಆರ್ತಾ ಇರೋ ಟೀ. 'ಗ್ರಾಫಿಕ್ಸ್ ಡಬ್ಬಾ', 'ಲ್ಯಾಗ್ ಹೊಡೀತೈತೆ', 'ಫುಲ್ ಕಾಪಿ ಮಚ್ಚಾ', ನಡುವೆ ಒಂದು 'ಏಂಟ್ರಾ ಇದಿ'. ವರ್ಷಗಟ್ಲೆ ಕೂತು ಮಾಡಿದ ಗೇಮಿಗೆ ಟೀ ಆರೋದ್ರೊಳಗೆ ತೀರ್ಪು.

ನಮ್ಮದೇ ತಪ್ಪು ಅಂತಲೂ ಹೇಳೋಕಾಗಲ್ಲ ಬಿಡಿ. ಗಡಿ ದಾಟಿದ್ರೆ ಹಿಂದೂಪುರ. ಅಲ್ಲಿ 2014ರಿಂದ ಎಮ್ಮೆಲ್ಲೆ ಯಾರು? ಬಾಲಕೃಷ್ಣ. ಅವರಿಗೂ ಮುಂಚೆ ಅದೇ ಸೀಟಿಂದ ಗೆದ್ದು ಬಂದೋರು ಅವರಪ್ಪ ಎನ್‌ಟಿಆರ್. ಬ್ಯಾಲೆಟ್ಟಿನವರೆಗೂ ಫೈಟಿಂಗ್ ಸೀನ್ ಬಂದಿರೋ ಸೀಮೆ ಪಕ್ಕದಲ್ಲಿ ಬೆಳೆದೋರು ನಾವು. ಸಣ್ಣಪುಟ್ಟ ಗುದ್ದಾಟ ನಮ್ಮ ಕಣ್ಣಿಗೆ ಹತ್ತುತ್ತಾ?

ಸರಿ, ಫೌಜಿ ನೆನಪಿದೆಯಾ? 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್ಜಿ ಮೊಬೈಲೂ ಸೇರಿ 118 ಆಪ್ ಬ್ಯಾನ್ ಮಾಡ್ತು. ಆವತ್ತು ನೀವು ಊಟ ಬಿಟ್ಟಿದ್ದು ನಂಗೊತ್ತು. (ನಿಮ್ಮಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೂ ಗೊತ್ತು.) ಎರಡೇ ದಿನ, 4ನೇ ತಾರೀಕು ಅಕ್ಷಯ್ ಕುಮಾರ್ ಟ್ವೀಟ್ ಹಾಕಿದ್ರು, ಫೌಜಿ ಬರ್ತಾ ಇದೆ ಅಂತ. ಮಾಡ್ತಿರೋದು ಎನ್‌ಕೋರ್ ಗೇಮ್ಸ್, ನಮ್ಮ ಬೆಂಗಳೂರಿನ ಕಂಪನಿ. ಬೆಳಗ್ಗೆ ರೈಲು ಹತ್ತಿದ್ರೆ ಹೋಗಿ ಕೈ ಕುಲುಕಿ ಬರೋ ದೂರ.

ಹೆಸರು ನೋಡಿ, ಟೈಮ್ ನೋಡಿ. ಪಬ್ಜಿ ಹೋದ ಮೂರನೇ ದಿನಕ್ಕೆ ಫೌಜಿ! ನಿವ್ವಳ ಆದಾಯದಲ್ಲಿ 20 ಪರ್ಸೆಂಟ್ 'ಭಾರತ್ ಕೆ ವೀರ್' ನಿಧಿಗೆ ಅಂತ ಬೇರೆ ಹೇಳಿದ್ರು. ಪ್ರೀ-ರಿಜಿಸ್ಟ್ರೇಷನ್ ತೆರೆದ ಒಂದೇ ದಿನದಲ್ಲಿ 10 ಲಕ್ಷ ಜನ ಹೆಸರು ಬರೆಸಿದ್ರು ಅಂತ ಕಂಪನಿನೇ ಹೇಳ್ಕೊಂತು. ಆ 10 ಲಕ್ಷದಲ್ಲಿ ನೀವೂ ಒಬ್ರು, ಅಲ್ವಾ? ರೇಷನ್ ಕಾರ್ಡಿಗೆ ಆಧಾರ್ ಲಿಂಕ್ ಮಾಡ್ಸೋಕೆ ನಾಲ್ಕು ಸಲ ಹೇಳಿಸ್ಕೊಂಡೋರು ಇದಕ್ಕೆ ಮಾತ್ರ ಮೊದಲ ದಿನವೇ ರೆಡಿ.

2021ರ ಜನವರಿ 26, ರಿಪಬ್ಲಿಕ್ ಡೇ. ಗೇಮ್ ಬಂತು. ಓಪನ್ ಮಾಡಿದ್ರಿ. ಏನ್ಮಾಡಿದ್ರಿ ಮೊದಲು? ಪ್ಯಾರಾಚೂಟ್ ಹುಡುಕಿದ್ರಿ! ವಿಮಾನ ಎಲ್ಲಿ, ಪೊಚಿಂಕಿ ಎಲ್ಲಿ, ನನ್ನ ಎಂ416 ಎಲ್ಲಿ? ಅಲ್ಲಿದ್ದಿದ್ದು ಬೆಟ್ಟ, ಚಳಿ, ಪಗಡಿ ಕಟ್ಟಿದ ಒಬ್ಬ ಸೈನಿಕ, ಅವನ ಎರಡು ಮುಷ್ಟಿ. ಟೀಮ್ ಡೆತ್‌ಮ್ಯಾಚ್ ಕೇಳಿದ್ರೆ 'ಕಮಿಂಗ್ ಸೂನ್'. ಬ್ಯಾಟಲ್ ರಾಯಲ್ ಕೇಳಿದ್ರೆ ಅದೂ 'ಕಮಿಂಗ್ ಸೂನ್'. (ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಕೇಳಿ ಕೇಳಿ ಅಭ್ಯಾಸ ಇರೋ ಉತ್ತರ.)

ಶುರುವಾಯ್ತು ನೋಡಿ ನಿಮ್ಮ ಸ್ಟಾರ್ ಕುಯ್ಯೋ ಕೆಲಸ. 'ಗನ್ನೇ ಇಲ್ಲ', ಒಂದು ಸ್ಟಾರ್. 'ಫ್ರೆಂಡ್ಸ್ ಜೊತೆ ಆಡೋಕಾಗಲ್ಲ', ಒಂದು ಸ್ಟಾರ್. 'ಇದಾ ಪಬ್ಜಿಗೆ ಉತ್ತರ?', ಅದಕ್ಕೂ ಒಂದೇ. ಕೆಲವೇ ದಿನದಲ್ಲಿ ಪ್ಲೇ ಸ್ಟೋರ್ ರೇಟಿಂಗು ಮೂರರ ಆಸುಪಾಸಿಗೆ ಬಂದು ಕೂತ್ಕೊಂತು.

ಇಲ್ಲೇ ನಿಮ್ಮನ್ನ ಸ್ವಲ್ಪ ಹಿಡ್ಕೋಬೇಕು ನಾನು. ಗನ್ ಯಾಕಿಲ್ಲ ಅಂತ ಯೋಚ್ನೆ ಮಾಡಿದ್ರಾ? ಕಥೆ ಗಲ್ವಾನ್ ಕಣಿವೆದು ಸ್ವಾಮಿ. 2020ರ ಜೂನ್ 15ರ ರಾತ್ರಿ ಅಲ್ಲಿ ನಮ್ಮ 20 ಜನ ಯೋಧರು ಹೋದ್ರು. ಆ ಗಡಿ ರೇಖೆ ಹತ್ರ ಗುಂಡು ಹಾರಿಸೋ ಹಂಗಿಲ್ಲ ಅಂತ ಭಾರತ, ಚೀನಾ ಎರಡೂ ದೇಶ 1996ರಲ್ಲೇ ಸಹಿ ಹಾಕಿದ್ವು. ಹಂಗಾಗಿ ಅಲ್ಲಿ ನಡೆದಿದ್ದು ಕಲ್ಲು, ದೊಣ್ಣೆ, ಕಬ್ಬಿಣದ ರಾಡಿನ ಹೊಡೆದಾಟ. ಗೇಮಲ್ಲಿ ಗನ್ ಇಲ್ದೆ ಇರೋದು ಅದರ ಅತ್ಯಂತ ಪ್ರಾಮಾಣಿಕ ಭಾಗ. ನೀವು ಸ್ಟಾರ್ ಕಿತ್ಕೊಂಡಿದ್ದು ಅದಕ್ಕೇ!

ಅಂದ್ರೆ ಫೌಜಿ ಚೆನ್ನಾಗಿತ್ತಾ? ಅಯ್ಯೋ, ಎಲ್ಲಿ ಹೇಳ್ದೆ ನಾನು ಹಂಗಂತ. ಚೆನ್ನಾಗಿರ್ಲಿಲ್ಲ. ನೀವು ಕೊಟ್ಟ ತೀರ್ಪು ಹೆಚ್ಚುಕಮ್ಮಿ ಸರಿ, ಕೇಸ್ ಹಾಕಿದ ಕೋರ್ಟು ತಪ್ಪು. ಪಬ್ಜಿ ಅಂದ್ರೆ ನೂರು ಜನ ಇಳಿದು ಒಬ್ಬ ಉಳಿಯೋ ಆಟ. ಫೌಜಿ ಅಂದ್ರೆ ಒಬ್ಬ ಹೀರೋ ನಡ್ಕೊಂಡು ಹೋಗ್ತಾ ಹೋಗ್ತಾ ಎದುರಿಗೆ ಬಂದೋರನ್ನ ಚಚ್ಚೋ ಆಟ. ಎರಡಕ್ಕೂ ಎತ್ತಣ ಸಂಬಂಧ? ಫೌಜಿಯನ್ನ ಯಾರ ಪಕ್ಕ ನಿಲ್ಲಿಸಿ ನೋಡ್ಬೇಕಿತ್ತು ಗೊತ್ತಾ? ಮುಸ್ತಫಾ ಪಕ್ಕ.

ಆಹಾ, ನಲವತ್ತು ದಾಟಿದೋರ ಮುಖದಲ್ಲಿ ಬಂತು ನೋಡಿ ಬೆಳಕು! ಬಸ್ ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿ, ಅರ್ಧ ಇಳಿಸಿದ ಶಟರ್, ಒಳಗೆ ಕತ್ತಲೆ, ಮರದ ಡಬ್ಬಿ ಮುಂದೆ ಮೂರು ಜನ. ಕಾಯಿನ್ ಹಾಕೋನು ಒಬ್ಬ, 'ಗುದ್ದೋ ಗುದ್ದೋ' ಅನ್ನೋರು ಹತ್ತು ಜನ. (ಟ್ಯೂಷನ್ ಫೀಸು ಎಲ್ಲಿಗೆ ಹೋಯ್ತು ಅಂತ ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಹೇಳಲ್ಲ.) ಗೇಮಿನ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', ಕ್ಯಾಪ್‌ಕಾಮ್ ಕಂಪನಿದು, 1993. ಆ ಹೆಸರು ಯಾರಿಗೆ ಬೇಕಿತ್ತು? ಟೋಪಿ ಹಾಕ್ಕೊಂಡು ಓಡಿ ಬಂದು ಎಗರಿ ಒದೆಯೋ ಮುಸ್ತಫಾ ಇದ್ದ, ಅಷ್ಟು ಸಾಕು. ಇಂಡಿಯಾದಲ್ಲಿ ಎಲ್ಲಿ ಹೋದ್ರೂ ಅದು 'ಮುಸ್ತಫಾ ಗೇಮ್'.

'ಆಹಾ, ಅದು ಒರಿಜಿನಲ್ ಸಾರ್' ಅಂತೀರಿ ತಾನೆ? ತಡ್ಕೊಳಿ. 1986ರಲ್ಲಿ ಜಪಾನಿನ ಟೆಕ್ನೋಸ್ ಕಂಪನಿ ಕುನಿಯೋ ಅನ್ನೋ ಸ್ಕೂಲ್ ಹುಡುಗನ ಬೀದಿ ಜಗಳದ ಗೇಮ್ ಮಾಡ್ತು. ಮಾರನೇ ವರ್ಷ ಅದೇ ಕಂಪನಿ ಇಬ್ರು ಒಟ್ಟಿಗೆ ಆಡೋ ಥರ 'ಡಬಲ್ ಡ್ರ್ಯಾಗನ್' ತಂತು. 1989ಕ್ಕೆ ಕ್ಯಾಪ್‌ಕಾಮ್ ಅದನ್ನ ನೋಡಿ, ಆಳುಗಳನ್ನ ಸ್ಕ್ರೀನ್ ತುಂಬೋ ಸೈಜಿಗೆ ಹಿಗ್ಗಿಸಿ 'ಫೈನಲ್ ಫೈಟ್' ಮಾಡ್ತು. ನಾಲ್ಕು ವರ್ಷ ಬಿಟ್ಟು ಅದೇ ಅಚ್ಚಿಗೆ ಡೈನೋಸಾರ್ ಸೇರಿಸಿ ನಮ್ಮ ಮುಸ್ತಫಾನ ಇಳಿಸ್ತು. ಆ ಡೈನೋಸಾರ್, ಆ ಕಾರು, ಆ ಮುಸ್ತಫಾ, ಎಲ್ಲಾ ಒಂದು ಅಮೆರಿಕನ್ ಕಾಮಿಕ್ಸಿಂದ ತಂದಿದ್ದು. ನಿಮ್ಮ ಒರಿಜಿನಲ್ಲು ಮೂರನೇ ತಲೆಮಾರಿನ ಕಾಪಿ ಕಣ್ರೀ!

ಬೇಜಾರಾಯ್ತಾ? ಆಗ್ಬೇಡಿ. ಕಾಪಿ ಆದ್ರೂ ಅದು ಬಂಗಾರದಂಥ ಗೇಮ್. ಯಾಕೆ ಅಂತ ಕೇಳಿ. ಮುಸ್ತಫಾ ಒಂದು ಏಟು ಕೊಟ್ರೆ, ಕೊಟ್ಟವನೂ ತಿಂದವನೂ ಕಣ್ಣು ಮಿಟುಕಿಸೋದ್ರಲ್ಲಿ ಒಂದು ಪಾಲು ಹೊತ್ತು ಅಲ್ಲೇ ಕಲ್ಲಾಗಿ ನಿಲ್ತಾರೆ. ಆಮೇಲೆ ತಿಂದವನು ಹಾರಿ ಬೀಳ್ತಾನೆ. ಆ ನಿಲ್ಲೋ ಕ್ಷಣ ಇದೆಯಲ್ಲ, ಅದರಿಂದಲೇ ಏಟಿಗೆ ತೂಕ ಬರೋದು. ಕ್ಯಾಪ್‌ಕಾಮಿನೋರು ಅದರಲ್ಲಿ ಪಳಗಿದ ಕೈ.

ಇನ್ನೂ ಇದೆ. ಒಬ್ಬ ಚಾಕು ಎಸೀತಾನೆ, ಒಬ್ಬ ದಡಿಯ ಮೈಮೇಲೆ ನುಗ್ತಾನೆ, ಡೈನೋಸಾರ್‌ಗೆ ಸಿಟ್ಟು ಬಂದ್ರೆ ನಮ್ಮೋರು ಅವರೋರು ಅಂತ ನೋಡ್ದೆ ಇಬ್ರಿಗೂ ಹಾಕುತ್ತೆ. ಬೇಜಾರಾಗೋ ಹೊತ್ತಿಗೆ ಕಾರ್ ಕೈಗೆ ಕೊಟ್ಟು 'ಹತ್ತಿಸು ಹೋಗು' ಅನ್ನುತ್ತೆ. ಡ್ರಮ್ ಒಡೆದ್ರೆ ಒಳಗಡೆ ಊಟ! (ಯಾವ ಮಹಾತ್ಮ ಡ್ರಮ್ಮಲ್ಲಿ ಬಾಡೂಟ ಬಚ್ಚಿಟ್ಟು ಹೋಗ್ತಿದ್ದ ಅಂತ ನಾವ್ಯಾರೂ ಕೇಳ್ಲಿಲ್ಲ. ಸಿಕ್ತು, ತಿಂದ್ವಿ.)

ಈಗ ಫೌಜಿನ ತಂದು ಪಕ್ಕ ನಿಲ್ಲಿಸಿ. ಗುದ್ದೋದೊಂದು ಬಟನ್, ತಡೆಯೋದೊಂದು ಬಟನ್. ಗುಂಪು ಬಂತು, ಹೊಡೆದ್ರಿ. ಬೆಂಕಿ ಹತ್ರ ಹೋಗಿ ಚಳಿ ಕಾಯಿಸ್ಕೊಂಡ್ರೆ ಹೆಲ್ತ್ ತುಂಬುತ್ತೆ. ಮುಂದೆ ನಡೆದ್ರಿ, ಇನ್ನೊಂದು ಗುಂಪು. ಮತ್ತೆ ಬೆಂಕಿ. ಏಟು ಬಿದ್ರೂ ಬಿತ್ತು ಅಂತ ನಿಮ್ಮ ಬೆರಳಿಗೆ ಗೊತ್ತಾಗಲ್ಲ. 1993ರ ಮರದ ಡಬ್ಬಿ ಮಾಡಿ ತೋರಿಸಿದ್ದನ್ನ 2021ರ ಫೋನು ಮಾಡ್ಲಿಲ್ಲ ಅಂದ್ರೆ ಅದು ದೂರಬೇಕಾದ ವಿಷಯ. ಹಿಡಿದ್ರೆ ಇಲ್ಲಿ ಹಿಡೀಬೇಕು ಜುಟ್ಟು. ನೀವು ಪ್ಯಾರಾಚೂಟ್ ಹುಡುಕ್ತಾ ಕೂತ್ರಿ.

ಇನ್ನು ನಿಮ್ಮ ಕುಲದೇವರು ಪಬ್ಜಿ ಕಡೆಗೆ ಬರೋಣ. (ಎದೆ ಗಟ್ಟಿ ಮಾಡ್ಕೊಳಿ.) ಒಂದು ದ್ವೀಪ, ಒಳಗೆ ಮಕ್ಕಳು, ಒಬ್ರನ್ನೊಬ್ರು ಕೊಂದು ಒಬ್ರು ಉಳೀಬೇಕು ಅನ್ನೋ ಕಥೆ ಜಪಾನಿನ 'ಬ್ಯಾಟಲ್ ರಾಯಲ್' ಕಾದಂಬರಿದು. ಅದು 2000ದಲ್ಲಿ ಸಿನಿಮಾ ಆಯ್ತು. ಬ್ರೆಂಡನ್ ಗ್ರೀನ್ ಅನ್ನೋ ಐರಿಷ್ ಮನುಷ್ಯ ಆ ಸಿನಿಮಾ ತಲೇಲಿಟ್ಕೊಂಡು 'ಆರ್ಮಾ 2' ಅನ್ನೋ ಬೇರೆಯವರ ಗೇಮಿನ ಮೇಲೆ ತನ್ನ ಆಟ ಕಟ್ಟಿದ. ಅವನನ್ನ ಕೊರಿಯಾ ಕಂಪನಿ ಕರೆಸ್ಕೊಂತು, 2017ಕ್ಕೆ ಪಬ್ಜಿ ಬಂತು, 2018ಕ್ಕೆ ಅದು ನಿಮ್ಮ ಮೊಬೈಲಿಗೆ ಇಳೀತು. ಅಲ್ಲಿಗೆ ನಿಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷೂ ಇಳೀತು, ಅದು ಬೇರೆ ಮಾತು.

ಇಲ್ಲೊಂದು ತಮಾಷೆ ಇದೆ. 2018ರಲ್ಲಿ ಪಬ್ಜಿ ಕಂಪನಿ 'ನಮ್ಮದನ್ನ ಕದ್ರು' ಅಂತ ನೆಟ್‌ಈಸ್ ಅನ್ನೋ ಚೀನಾ ಕಂಪನಿ ಮೇಲೆ ಅಮೆರಿಕಾದಲ್ಲಿ ಕೇಸ್ ಹಾಕ್ತು. ಕದ್ದ ಮಾಲಿನ ಪಟ್ಟಿಯಲ್ಲಿ ಏನೇನಿತ್ತು ಗೊತ್ತಾ? ಗುಂಡು ತಡೆಯೋ ಫ್ರೈಯಿಂಗ್ ಪ್ಯಾನ್! ಹೌದು, ಬೆನ್ನ ಹಿಂದೆ ನೇತಾಡುತ್ತಲ್ಲ, ಅದೇ. ಗೆದ್ದಾಗ ಬರೋ ಚಿಕನ್ ಡಿನ್ನರ್ ಮಾತೂ ಇತ್ತು. ಮರುವರ್ಷ ಎರಡೂ ಕಡೆಯವರು ರಾಜಿ ಮಾಡ್ಕೊಂಡ್ರು. ಕೋರ್ಟ್ ಮುಂದೆ ಇಂಥ ಕೇಸು ನಿಲ್ಲೋದು ಕಷ್ಟ. 1994ರಲ್ಲಿ ಕ್ಯಾಪ್‌ಕಾಮೇ 'ನಮ್ಮ ಸ್ಟ್ರೀಟ್ ಫೈಟರ್ ಟೂ ಕದ್ರು' ಅಂತ ಡೇಟಾ ಈಸ್ಟ್ ಕಂಪನಿ ಮೇಲೆ ಹೋಗಿ ಸೋತು ಬಂತು. ಗುದ್ದೋ ಒದೆಯೋ ವಿದ್ಯೆಗೆ ಮಾಲೀಕರಿಲ್ಲ.

ಕಾಪಿ ಅಂದ್ರೆ ನಿಮಗೆ ಅಷ್ಟೊಂದು ಉರಿಯುತ್ತೆ ಅಲ್ವಾ? ಹಂಗಾದ್ರೆ 2021ರ ಜುಲೈ 2ಕ್ಕೆ ಪಬ್ಜಿನೇ ಬಿಜಿಎಂಐ ಅನ್ನೋ ಹೆಸರಲ್ಲಿ ವಾಪಸ್ ಬಂದಾಗ ಎಲ್ಲಿ ಹೋಗಿತ್ತು ಆ ಉರಿ? ಅದೇ ಎರಂಗಲ್, ಅದೇ ಪ್ಯಾನು, ಅದೇ ಪೊಚಿಂಕಿ. ರಕ್ತದ ಬಣ್ಣ ಹಸಿರು ಮಾಡಿ ಹೆಸರಲ್ಲಿ ಇಂಡಿಯಾ ಸೇರಿಸಿದ್ರು. ನೀವು ಫೈವ್ ಸ್ಟಾರ್ ಕೊಟ್ಟು ಕಣ್ಣಿಗೊತ್ಕೊಂಡ್ರಿ! 2022ರ ಜುಲೈನಲ್ಲಿ ಅದನ್ನೂ ತೆಗೆದಾಗ ಮತ್ತೆ ಊಟ ಬಿಟ್ರಿ, 2023ರ ಮೇನಲ್ಲಿ ವಾಪಸ್ ಬಂದಾಗ ಮತ್ತೆ ತಿಂದ್ರಿ. ಅಂದ್ರೆ ನಿಮ್ಮ ಸಿಟ್ಟು ಕಾಪಿ ಮೇಲಲ್ಲ. ಮೊದಲು ಬಾಯಿಗೆ ಹತ್ತಿದ ರುಚಿ ಬಿಟ್ಟು ಬೇರೆ ಯಾವುದೂ ನಿಮಗೆ ಬೇಡ. ಹೊಸ ಸೊಸೆ ಬಸ್ಸಾರು ಮಾಡಿಟ್ರೆ ಮುದ್ದೆ ಮುರಿಯೋಕೂ ಮುಂಚೆ 'ನಮ್ಮಮ್ಮ ಮಾಡೋ ಥರ ಇಲ್ಲ' ಅಂತೀರಲ್ಲ, ಅದೇ ನಾಲಿಗೆ ಇದು.

(ಅಮ್ಮನ ಬಸ್ಸಾರು ಚೆನ್ನಾಗಿರುತ್ತೆ, ಒಪ್ಪಿದೆ. ಆ ಅಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ ನಿಮ್ಮಪ್ಪ ಏನಂದಿದ್ರು, ಒಂದ್ಸಲ ಕೇಳಿ ನೋಡಿ.)

ಇನ್ನೊಂದು ಜಾತಿಯ ತೀರ್ಪುಗಾರರಿದ್ದಾರೆ. 'ಗಾಡ್ ಆಫ್ ವಾರ್ ಮುಂದೆ ಯಾವುದೂ ನಿಲ್ಲಲ್ಲ ಬ್ರೋ' ಅಂತಾರೆ. ಪ್ಲೇಸ್ಟೇಷನ್ ಇದೆಯಾ ಅಂತ ಕೇಳಿ, ಇಲ್ಲ. ಆಡಿದ್ದೀರಾ? ಇಲ್ಲ. ಯೂಟ್ಯೂಬಲ್ಲಿ ಯಾರೋ ಆಡಿದ್ದನ್ನ ಡೇಟಾ ಮುಗಿಯೋವರೆಗೂ ನೋಡಿದ್ದಾರೆ! ಅಂಥವರಿಗೆ ಒಂದು ಸುದ್ದಿ: 2005ರ ಗಾಡ್ ಆಫ್ ವಾರ್ ಕೂಡ 2001ರ 'ಡೆವಿಲ್ ಮೇ ಕ್ರೈ' ನೋಡಿ ಕಲಿತ ಹುಡುಗನೇ. ಆ ಡೆವಿಲ್ ಮೇ ಕ್ರೈ ಶುರುವಾಗಿದ್ದು 'ರೆಸಿಡೆಂಟ್ ಈವಿಲ್' ಸರಣಿಯ ಮುಂದಿನ ಭಾಗ ಮಾಡೋಕೆ ಹೋಗಿ. ಆಮೇಲೆ 2010ರ ಫೆಬ್ರವರಿಯಲ್ಲಿ 'ಡಾಂಟೇಸ್ ಇನ್‌ಫರ್ನೋ' ಗಾಡ್ ಆಫ್ ವಾರ್ ವೇಷ ಹಾಕ್ಕೊಂಡು ಬಂತು. ಪಾಪ, ಮಾರ್ಚಲ್ಲಿ ಗಾಡ್ ಆಫ್ ವಾರ್ 3 ತಾನೇ ಬಂದು ಪಕ್ಕದಲ್ಲಿ ನಿಂತ್ಕೊಂತು. ಕಾಪಿ ಹೊಡೆಯೋರು ಕನಿಷ್ಠ ಪಕ್ಷ ರಿಲೀಸ್ ಡೇಟ್ ಆದ್ರೂ ನೋಡ್ಕೋಬೇಕು.

ಹಂಗಂತ ದೊಡ್ಡೋರ ಪಕ್ಕ ನಿಂತೂ ಮಾನ ಉಳಿಸ್ಕೊಂಡೋರು ಇಲ್ವೇ ಅಂದ್ರೆ ಇದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ಅನ್ನೋ ಪುಟ್ಟ ಕಂಪನಿ 2020ರಲ್ಲಿ 'ರಾಜಿ' ಅಂತ ಒಂದು ಗೇಮ್ ಮಾಡ್ತು. ತಮ್ಮನ್ನ ಹುಡುಕ್ಕೊಂಡು ಹೊರಟ ಹುಡುಗಿ ರಾಜಿ, ಬೆನ್ನಿಗೆ ದುರ್ಗೆ, ಎದುರಿಗೆ ಮಹಾಬಲಾಸುರ. ಗೋಡೆ ಮೇಲೆ ಓಡೋ ವಿದ್ಯೆ 'ಪ್ರಿನ್ಸ್ ಆಫ್ ಪರ್ಷಿಯಾ'ದ್ದು, ಮುಚ್ಚಿಡೋಕೇನೂ ಹೋಗಿಲ್ಲ. ಆದ್ರೆ ಕಥೆ ಹೇಳೋದು ನೆರಳು ಗೊಂಬೆಗಳಲ್ಲಿ. ನಮ್ಮ ತೊಗಲುಗೊಂಬೆ ಆಟ ನೋಡಿದೋರಿಗೆ ತಕ್ಷಣ ಮೈ ಜುಮ್ಮನ್ನುತ್ತೆ. ಆ ವರ್ಷದ 'ದ ಗೇಮ್ ಅವಾರ್ಡ್ಸ್'ನಲ್ಲಿ ಚೊಚ್ಚಲ ಗೇಮ್ ವಿಭಾಗಕ್ಕೆ ನಾಮಿನೇಟ್ ಆಯ್ತು. ಹೊಡೆದಾಟ ಹೋಗ್ತಾ ಹೋಗ್ತಾ ಒಂದೇ ಥರ ಅನಿಸುತ್ತೆ, ಅದನ್ನೂ ಹೇಳ್ಬಿಡ್ತೀನಿ. ನೀವು ಆಡಿದ್ರಾ? ಹೆಸರಾದ್ರೂ ಕೇಳಿದ್ರಾ? (ಅಕ್ಷಯ್ ಕುಮಾರ್ ಟ್ವೀಟ್ ಹಾಕಿರ್ಲಿಲ್ಲ, ನಿಮ್ಮದೂ ತಪ್ಪಿಲ್ಲ.)

ಡಬಲ್ ಡ್ರ್ಯಾಗನ್ ಕುನಿಯೋನ ಕದ್ದು ಜೊತೆಗಾರನ್ನ ಕೊಡ್ತು. ಫೈನಲ್ ಫೈಟ್ ಡ್ರ್ಯಾಗನ್ನ ಕದ್ದು ಗಾತ್ರ ಕೊಡ್ತು, ಮುಸ್ತಫಾ ಕಾರೂ ಡೈನೋಸಾರೂ ಕೊಟ್ಟ, ರಾಜಿ ಗೊಂಬೆ ಕೊಟ್ಲು. ಪಬ್ಜಿ ನೂರು ಜನರನ್ನ ಅಂಗೈಗೆ ತಂದುಕೊಡ್ತು, ಜೊತೆಗೊಂದು ಪ್ಯಾನು. ಕದ್ದ ಮನೆಗೆ ಏನಾದ್ರೂ ಒಂದು ಬಿಟ್ಟು ಬಂದೋರು ಇವರೆಲ್ಲ. ಫೌಜಿ ಬಿಟ್ಟು ಹೋಗಿದ್ದು ಏನು? ಚಳಿ ಕಾಯಿಸೋ ಬೆಂಕಿ. ಗಲ್ವಾನಿನಂಥ ಕಥೆ ಕೈಲಿಟ್ಕೊಂಡು ಇಷ್ಟೇನಾ ಅನ್ನೋದು ನನ್ನ ತಕರಾರು. ಇನ್ನೊಂದು ತಕರಾರು: ಪಬ್ಜಿ ಹೋದ ಸಂಕಟದ ಮೇಲೆ ಸವಾರಿ ಮಾಡ್ಕೊಂಡು ಬಂದೋರು, ಆಮೇಲೆ 'ನಮ್ಮನ್ನ ಪಬ್ಜಿಗೆ ಹೋಲಿಸ್ಬೇಡಿ' ಅನ್ನೋ ಹಾಗಿಲ್ಲ. ಆ ಮಟ್ಟಿಗೆ ನಿಮ್ಮ ಕಡೆ ನ್ಯಾಯ ಇದೆ, ತಗೊಳಿ.

ಕಥೆ ಮುಗಿದಿಲ್ಲ. 2024ರ ಅಕ್ಟೋಬರಲ್ಲಿ ಪುಣೆಯ ಸೂಪರ್‌ಗೇಮಿಂಗ್‌ನೋರು 'ಇಂಡಸ್' ಅನ್ನೋ ಬ್ಯಾಟಲ್ ರಾಯಲ್ ಗೇಮ್ ಬಿಟ್ರು. 2025ರ ಜನವರಿ ಕೊನೆಗೆ ಫೌಜಿನೇ 'ಡಾಮಿನೇಷನ್' ಅನ್ನೋ ಬಾಲ ಸೇರಿಸ್ಕೊಂಡು, ಈ ಸಲ ಗನ್ ಹಿಡ್ಕೊಂಡೇ ವಾಪಸ್ ಬಂತು. ನಿಮ್ಮ ಬಾಯಲ್ಲಿ ಏನು ಬಂತು ಅಂತ ನಾನು ಹೇಳ್ಬೇಕಾ? ಮೆಮು ರೈಲು ಯಲಹಂಕ ದಾಟೋದ್ರೊಳಗೆ ಇಡೀ ಬೋಗಿಗೆ ಕೇಳೋ ಹಂಗೆ ಹೇಳಿರ್ತೀರಿ.

ಇರ್ಲಿ. ಮುಂದಿನ ಸಲ ಹೊಸ ಗೇಮ್ ಬಂದಾಗ ಒಂದೇ ಒಂದು ಉಪಕಾರ ಮಾಡಿ. ಎರಡನೇ ಲೆವೆಲ್ ಮುಗಿಯೋವರೆಗಾದ್ರೂ ಬೆರಳನ್ನ ಆ ಸ್ಟಾರ್‌ಗಳಿಂದ ದೂರ ಇಡಿ. ಆಮೇಲೆ ಬೈಯಿರಿ, ಸರಿಯಾದ ಕಾರಣಕ್ಕೆ ಬೈಯಿರಿ, ನಾನೂ ಸೇರ್ಕೊಂತೀನಿ. ಮೊದಲನೇ ಫೌಜಿಗೆ ನನ್ನ ಲೆಕ್ಕ ಎರಡೂವರೆ ಸ್ಟಾರ್: ಕಥೆ ಆರಿಸಿದ್ದಕ್ಕೆ ಒಂದೂವರೆ, ಗನ್ ಇಡದೇ ಇದ್ದ ಧೈರ್ಯಕ್ಕೆ ಒಂದು, ಗುದ್ದಿಗೆ ಸೊನ್ನೆ. ಪ್ಲೇ ಸ್ಟೋರಲ್ಲಿ ಅರ್ಧ ಸ್ಟಾರ್ ಒತ್ತೋಕೆ ಬರಲ್ಲ. ನೀವೇ ಹೇಳಿ, ಎರಡು ಒತ್ಲಾ, ಮೂರು ಒತ್ಲಾ?